ತ್ರಾಸಿನ ತೂಕ, ಚಿನ್ನದ ತೂಕ: ಚಿಕ್ಕಮಗಳೂರಿನಲ್ಲಿ ಒಡವೆ ಕೊಳ್ಳುವವರಿಗೊಂದು ಹೋಲಿಕೆ

ನಮ್ಮ ಕಾಫಿ ಬೆಳೆಗಾರರು ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮಾರುವಾಗ ಬಹಳ ಹುಷಾರು. 50 ಕೆಜಿ ಮೂಟೆ ಅಂದಮಾತ್ರಕ್ಕೆ ಯಾರೂ ಒಪ್ಪುವುದಿಲ್ಲ. ಸ್ಯಾಂಪಲ್ ಸುಲಿಸುತ್ತಾರೆ, ತೇವ ನೋಡಿಸುತ್ತಾರೆ, ಔಟ್‌ಟರ್ನ್ (ಸುಲಿದಾಗ ಮೂಟೆಗೆ ಸಿಗುವ ಬೀಜದ ಕೆಜಿ) 26 ಬಂತೋ 28 ಬಂತೋ ಎಂದು ಚೌಕಾಸಿ ಮಾಡುತ್ತಾರೆ. ಸಿಪ್ಪೆಯ ತೂಕಕ್ಕೆ ದುಡ್ಡಿಲ್ಲ, ಬೀಜಕ್ಕೆ ಮಾತ್ರ ದುಡ್ಡು ಎಂಬುದು ಎಲ್ಲರಿಗೂ ಗೊತ್ತು. ಕೊಯ್ಲು ಮುಗಿದು ಮದುವೆ ಸೀಸನ್ ಶುರುವಾದಾಗ ಅದೇ ಜನ ಒಡವೆ ಅಂಗಡಿಗೆ ಹೋಗಿ ಕೇಳುವ ಪ್ರಶ್ನೆ ಒಂದೇ: "ಒಟ್ಟು ಎಷ್ಟು ಗ್ರಾಂ ಆಯ್ತು?" ಲಕ್ಷಗಟ್ಟಲೆ ಸುರಿಯುವ ಜಾಗದಲ್ಲಿ ಔಟ್‌ಟರ್ನ್ ಕೇಳುವುದನ್ನೇ ಮರೆಯುತ್ತೇವೆ.

ಚಿನ್ನಕ್ಕೂ ಔಟ್‌ಟರ್ನ್ ಇದೆ. ಯಾವ ಒಡವೆ ತಗೊಂಡರೂ ಅದಕ್ಕೆ ಮೂರು ತೂಕ. ತ್ರಾಸಿನ ಮೇಲಿಟ್ಟಾಗ ಕಾಣುವುದು ಒಟ್ಟು ತೂಕ. ಕಲ್ಲು, ಮುತ್ತು, ಕರಿಮಣಿ, ದಾರ, ಅರಗು ಎಲ್ಲ ಕಳೆದರೆ ಉಳಿಯುವುದು ನಿವ್ವಳ ತೂಕ. ಆ ನಿವ್ವಳದಲ್ಲಿ ಬೆರೆಸಿರುವ ತಾಮ್ರ, ಬೆಳ್ಳಿಯನ್ನೂ ಬಿಟ್ಟರೆ ಸಿಗುವುದು ಅಪ್ಪಟ ಚಿನ್ನದ ತೂಕ. ಎರಡು ಅಂಗಡಿ, ಎರಡು ಸರ, ಒಡವೆ ಅಥವಾ ನಾಣ್ಯ, ಮಾರುವುದು ಅಥವಾ ಅಡವಿಡುವುದು, ಯಾವುದನ್ನು ಯಾವುದಕ್ಕೆ ಹೋಲಿಸುವುದಾದರೂ ಮೊದಲು ಎರಡನ್ನೂ ಈ ಮೂರನೇ ತೂಕಕ್ಕೆ ಇಳಿಸಿಕೊಳ್ಳಿ. ಆಮೇಲೆ ಹೋಲಿಸಿ.

ಗ್ರಾಂ, ಸವರನ್, ತೊಲ

ನಮ್ಮ ಜಿಲ್ಲೆ ಮೈಸೂರು ಸೀಮೆಗೂ ಕರಾವಳಿಗೂ ನಡುವೆ ಇರುವುದರಿಂದ ಇಲ್ಲಿ ಎಲ್ಲ ಲೆಕ್ಕವೂ ಕಿವಿಗೆ ಬೀಳುತ್ತದೆ. ಕಡೂರು ಕಡೆಯ ಅಜ್ಜಿ ಸವರನ್ ಅಂತಾರೆ, ಘಟ್ಟದ ಕೆಳಗಿನ ನೆಂಟರು ಪವನ್ ಅಂತಾರೆ, ಹಳೇ ಕಾಗದಪತ್ರದಲ್ಲಿ ತೊಲ ಅಂತಿರುತ್ತದೆ. ಸವರನ್, ಪವನ್ ಎರಡೂ ಇಂದಿನ ವ್ಯವಹಾರದಲ್ಲಿ 8 ಗ್ರಾಂ. ಈ ಲೆಕ್ಕದ ಮೂಲ ಬ್ರಿಟಿಷರ ಸವರನ್ ನಾಣ್ಯ. ಅದರ ತೂಕ 7.988 ಗ್ರಾಂ, 22 ಕ್ಯಾರೆಟ್, ಅದರಲ್ಲಿರುವ ಅಪ್ಪಟ ಚಿನ್ನ 7.322 ಗ್ರಾಂ.

ತೊಲದ ವಿಚಾರದಲ್ಲಿ ಎಚ್ಚರ ಬೇಕು. ಹಳೆಯ ತೊಲ 11.664 ಗ್ರಾಂ. ಮೆಟ್ರಿಕ್ ಪದ್ಧತಿ ಬಂದ ಮೇಲೆ ಬಾಯಿಮಾತಿನಲ್ಲಿ 10 ಗ್ರಾಂಗೇ ತೊಲ ಅನ್ನುವುದು ರೂಢಿಯಾಯಿತು. ಮೂರು ತೊಲದ ಸರ ಅಂದರೆ ಒಂದು ಲೆಕ್ಕದಲ್ಲಿ 30 ಗ್ರಾಂ, ಇನ್ನೊಂದರಲ್ಲಿ ಸುಮಾರು 35 ಗ್ರಾಂ. ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಂಡರೆ ಅಲ್ಲೇ 50,000 ರೂಪಾಯಿಯ ಅಂತರ. ಮನೆಯಲ್ಲಿ ಪಾಲಾಗುವಾಗ ಹಳೆಯ ಪಟ್ಟಿಯಲ್ಲಿ "ಹತ್ತು ತೊಲ" ಎಂದು ಬರೆದಿದ್ದರೆ ಅದು ಯಾವ ಕಾಲದ ಬರಹ ಎಂದು ಮೊದಲು ನೋಡಿ, ಒಡವೆ ಕೈಯಲ್ಲಿದ್ದರೆ ಎಲ್ಲರ ಮುಂದೆ ತೂಗಿಸಿ. ಅಣ್ಣತಮ್ಮಂದಿರ ನಡುವೆ ಮನಸ್ತಾಪ ಬರುವುದು ಇಂಥ ಕಡೆ.

ತೂಕದ ಹೆಸರುಗಳು ಆಳುವವರ ಜೊತೆ ಬದಲಾಗುತ್ತಾ ಬಂದಿವೆ. ಹೊಯ್ಸಳರ ಶಾಸನಗಳಲ್ಲಿ ದತ್ತಿಯ ಲೆಕ್ಕ ಗದ್ಯಾಣ, ಪಣ, ಹಾಗಗಳಲ್ಲಿದೆ. ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ "ಶ್ರೀ ತಲಕಾಡುಗೊಂಡ" ಎಂದು ಕನ್ನಡದಲ್ಲೇ ಅಚ್ಚಾಗಿದೆ. ಅಕ್ಕಸಾಲಿಗರ ಪುಟ್ಟ ತಕ್ಕಡಿಯಲ್ಲಿ ಗುಲಗಂಜಿಯೇ ತೂಕದ ಬಟ್ಟಾಗಿತ್ತು. 96 ಗುಲಗಂಜಿ ಒಂದು ತೊಲ, ಅಂದರೆ ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಅವೆಲ್ಲ ನಮ್ಮ ಆಸ್ತಿ, ಮರೆಯಬಾರದು. ಆದರೆ ಬಿಲ್ಲು ಮಾಡಿಸುವಾಗ ಗ್ರಾಂ ಒಂದೇ ಸಾಕು. ಕಾನೂನು ಒಪ್ಪುವುದೂ ಅದನ್ನೇ.

ತ್ರಾಸಿನ ಮುಂದೆ ನಿಂತಾಗ

ತ್ರಾಸುಗಳಲ್ಲೂ ವ್ಯತ್ಯಾಸವಿದೆ. ಕೆಲವು ಎರಡು ದಶಾಂಶ ತೋರಿಸುತ್ತವೆ, ಕೆಲವು ಮೂರು. 40 ಗ್ರಾಂನ ಸರಕ್ಕೆ ಇದರಿಂದ ದೊಡ್ಡ ನಷ್ಟವೇನಿಲ್ಲ. 0.300 ಗ್ರಾಂನ ಮೂಗುಬಟ್ಟಿಗೆ, ಮಗುವಿನ ಓಲೆಗೆ ಮಾತ್ರ ಮೂರು ದಶಾಂಶದ ತ್ರಾಸೇ ಬೇಕು. ಅದಕ್ಕೆ ಗಾಜಿನ ಮುಚ್ಚಳ ಇರುತ್ತದೆ, ಮುಚ್ಚಿಯೇ ತೂಗಬೇಕು. ಫ್ಯಾನಿನ ಗಾಳಿಗೇ ಕೊನೆಯ ಅಂಕಿ ಕುಣಿಯುತ್ತದೆ. ಒಡವೆ ಇಡುವ ಮೊದಲು ಸೊನ್ನೆ ಇದೆಯೇ ನೋಡಿ. ಬೆಲೆಚೀಟಿ, ಅದರ ದಾರ, ಪ್ಲಾಸ್ಟಿಕ್ ಕವರು ತೆಗೆಸಿ ತೂಗಿಸಿ. ಓಲೆಯ ತಿರುಪು ಚಿನ್ನದ್ದೇ ಎಂದು ಕೇಳಿಕೊಂಡ ಮೇಲೆ ಅದನ್ನೂ ಸೇರಿಸಿ.

ಅಂಗಡಿಯ ತ್ರಾಸಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಬೇಕು. ಆ ಮುದ್ರೆ, ಪ್ರಮಾಣಪತ್ರ ತೋರಿಸಿ ಎಂದು ಕೇಳುವುದು ಗಿರಾಕಿಯ ಹಕ್ಕು. ಪರಿಚಯದ ಶೆಟ್ಟರ ಅಂಗಡಿ, ಹೇಗೆ ಕೇಳುವುದು ಎಂಬ ದಾಕ್ಷಿಣ್ಯ ನಮ್ಮೂರಿನಲ್ಲಿ ಜಾಸ್ತಿ. ನೆಟ್ಟಗೆ ವ್ಯಾಪಾರ ಮಾಡುವವರು ಇದಕ್ಕೆ ಬೇಸರಿಸುವುದಿಲ್ಲ. ಕೇಳದಿದ್ದರೂ ತೋರಿಸುವ ಹಿರಿಯ ವ್ಯಾಪಾರಿಗಳೂ ಇದ್ದಾರೆ.

ಕಲ್ಲು, ಕರಿಮಣಿ, ಅರಗು

ಮೊದಲ ತೂಕದಿಂದ ಎರಡನೆಯದಕ್ಕೆ ಬರುವಾಗಲೇ ಹೆಚ್ಚು ಸೋರುವುದು. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಗುಂಡಿನ ಸರ, ಹೆಣಿಗೆ ಸರ, ಸಾದಾ ಬಳೆಯಂಥ ಒಡವೆಗಳಲ್ಲಿ ಒಟ್ಟು ತೂಕವೂ ನಿವ್ವಳವೂ ಹೆಚ್ಚುಕಡಿಮೆ ಒಂದೇ. ಹೋಲಿಸುವುದಕ್ಕೆ ಇವೇ ಸುಲಭ, ಮುಂದೆ ಮಾರುವಾಗಲೂ ಇವೇ ಲೇಸು. ಕೆಂಪು-ಹಸಿರು ಕಲ್ಲಿನ ಪದಕ, ಲಕ್ಷ್ಮಿ ಹಾರ, ಜುಮಕಿಗಳ ಕತೆ ಬೇರೆ. ಕಲ್ಲಿನ ತೂಕವನ್ನು ಕಳೆದು ಬರೆದಿರಬೇಕು, ಕಲ್ಲಿಗೆ ಬೇರೆ ದರ ಹಾಕಿರಬೇಕು. ಕಲ್ಲಿನ ತೂಕವನ್ನು ಕ್ಯಾರೆಟ್‌ನಲ್ಲಿ ಹೇಳಿದರೆ ಐದು ಕ್ಯಾರೆಟ್‌ಗೆ ಒಂದು ಗ್ರಾಂ ಎಂದು ಲೆಕ್ಕ ಹಾಕಿ. ಚಿನ್ನದ 22 ಕ್ಯಾರೆಟ್ ಶುದ್ಧತೆಯ ಅಳತೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಾಂಗಲ್ಯದ ಕರಿಮಣಿ ಸರದಲ್ಲಿ ಮಣಿಗಳು ಗಾಜಿನವು. ಪೋಣಿಸಿದ ಮೇಲೆ ಅವುಗಳ ತೂಕ ಕಣ್ಣಂದಾಜು ಆಗಿಬಿಡುತ್ತದೆ. ಮಾಡಿಸುವುದಾದರೆ ಪೋಣಿಸುವ ಮೊದಲೇ ಮಣಿಗಳನ್ನು ಬೇರೆ ತೂಗಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ರೆಡಿ ಸರವಾದರೆ ಅದೇ ಅಳತೆಯ ಬಿಡಿ ಮಣಿ ನೂರು ತೂಗಿಸಿ, ಸರದಲ್ಲಿರುವ ಮಣಿ ಎಣಿಸಿ ಲೆಕ್ಕ ಹಾಕಬಹುದು. ಹತ್ತು ನಿಮಿಷದ ಕೆಲಸ, ಒಂದು ಗ್ರಾಂ ಆಚೀಚೆಯಾದರೂ ಸಾವಿರಾರು ರೂಪಾಯಿ. ಒಳಗೆ ಅರಗು ತುಂಬಿದ ಬಳೆ, ಗುಂಡುಗಳನ್ನು ತೂಕದ ಲೆಕ್ಕದಲ್ಲಿ ಕೊಳ್ಳುವುದು ನನ್ನ ಮಟ್ಟಿಗೆ ಬೇಡ. ಅರಗು ಎಷ್ಟಿದೆ ಎಂದು ಕರಗಿಸದೆ ತಿಳಿಯುವುದು ಕಷ್ಟ.

ಶುದ್ಧತೆ ನೋಡುವ ದಾರಿಗಳು

22 ಕ್ಯಾರೆಟ್ ಅಂದರೆ 24ರಲ್ಲಿ 22 ಪಾಲು, ಒಡವೆಯ ಮೇಲೆ 22ಕೆ916 ಎಂದಿರುತ್ತದೆ. 18 ಕ್ಯಾರೆಟ್‌ಗೆ 750, 14ಕ್ಕೆ 585. 2025ರಲ್ಲಿ 9 ಕ್ಯಾರೆಟ್ ಕೂಡ, 375 ಎಂಬ ಗುರುತಿನೊಂದಿಗೆ, ಪಟ್ಟಿಗೆ ಸೇರಿದೆ. 40 ಗ್ರಾಂ ಸಾದಾ ಸರ 22 ಕ್ಯಾರೆಟ್ ಆದರೆ ಅದರಲ್ಲಿ ಅಪ್ಪಟ ಚಿನ್ನ 36.64 ಗ್ರಾಂ, 18 ಆದರೆ 30, 9 ಆದರೆ 15. ತ್ರಾಸಿನ ಮೇಲೆ ಮೂರೂ 40 ಗ್ರಾಂ.

ಒರೆಗಲ್ಲು ಅನುಭವಿ ಆಚಾರ್ರ ಕೈಯಲ್ಲಿ ಇಂದಿಗೂ ಒಳ್ಳೆಯ ಸಾಧನ. 22ನ್ನೂ 18ನ್ನೂ ಕ್ಷಣದಲ್ಲಿ ಬೇರೆ ಮಾಡುತ್ತಾರೆ. ಆದರೆ 91.6 ಇದೆಯೋ 90 ಇದೆಯೋ ಎಂದು ಗೆರೆಯಲ್ಲಿ ಹೇಳುವುದು ಕಷ್ಟ. ಎಕ್ಸ್‌ರೇ ಯಂತ್ರ, ಅಂದರೆ ಕ್ಯಾರೆಟ್ ಮೀಟರ್, ಒಡವೆಗೆ ಏನೂ ಮಾಡದೆ ಒಂದೆರಡು ನಿಮಿಷದಲ್ಲಿ ಶೇಕಡಾವಾರು ತೋರಿಸುತ್ತದೆ. ಅದರ ಮಿತಿ ಏನೆಂದರೆ ಅದು ನೋಡುವುದು ಮೇಲ್ಪದರವನ್ನು ಮಾತ್ರ. ದಪ್ಪ ಲೇಪನವಿದ್ದರೆ ಹೆಚ್ಚು ತೋರಿಸೀತು, ಬೆಸುಗೆಯ ಮೇಲೆ ಇಟ್ಟರೆ ಕಡಿಮೆ ತೋರಿಸೀತು. ಹಾಗಾಗಿ ಮೂರ್ನಾಲ್ಕು ಜಾಗದಲ್ಲಿ ಇಡಿಸಿ ನೋಡಬೇಕು. ಎಲ್ಲಕ್ಕಿಂತ ಖಚಿತವಾದದ್ದು ಬೆಂಕಿಯ ಪರೀಕ್ಷೆ: ಚೂರು ಕತ್ತರಿಸಿ, ಸೀಸದ ಜೊತೆ ಕರಗಿಸಿ, ಬೇರೆ ಲೋಹಗಳನ್ನೆಲ್ಲ ತೆಗೆದು ಉಳಿದ ಚಿನ್ನವನ್ನೇ ತೂಗುವುದು. ಹಾಲ್‌ಮಾರ್ಕ್ ಕೇಂದ್ರಗಳು ಕೊನೆಗೆ ನೆಚ್ಚುವುದು ಇದನ್ನೇ. ಆದರೆ ಚೂರು ಹೋಗುತ್ತದೆ.

ಮನೆಯಲ್ಲಿ ನೀರಿನ ಪರೀಕ್ಷೆಯನ್ನೂ ಕೆಲವರು ಮಾಡುತ್ತಾರೆ. 20 ಗ್ರಾಂನ 22 ಕ್ಯಾರೆಟ್ ಸಾದಾ ಬಳೆಯನ್ನು ದಾರದಲ್ಲಿ ನೀರೊಳಗೆ ತೂಗಾಡಿಸಿ ತೂಗಿದರೆ ಸುಮಾರು 1.13 ಗ್ರಾಂ ಕಡಿಮೆ ಬರುತ್ತದೆ. 18 ಕ್ಯಾರೆಟ್ ಆದರೆ 1.3ರ ಹತ್ತಿರ. ವಿಜ್ಞಾನ ಸರಿಯಾಗಿದೆ, ಕಲ್ಲಿಲ್ಲದ ಗಟ್ಟಿ ಒಡವೆಗೆ ನಡೆಯುತ್ತದೆ. ಟೊಳ್ಳು ಬಳೆಗೆ, ಕಲ್ಲಿನ ಹಾರಕ್ಕೆ ಉಪಯೋಗವಿಲ್ಲ. ಚಿನ್ನದ ಗಟ್ಟಿಯೊಳಗೆ ಟಂಗ್‌ಸ್ಟನ್ ಇಟ್ಟಿದ್ದರೆ ನೀರೂ ಮೋಸಹೋಗುತ್ತದೆ, ಎರಡರ ಸಾಂದ್ರತೆಯೂ 19.3ರ ಆಸುಪಾಸು. ಅಯಸ್ಕಾಂತ ಹಿಡಿದು ನೋಡುವುದರಿಂದ ಶುದ್ಧತೆ ತಿಳಿಯುವುದಿಲ್ಲ. ಬೆರಕೆಗೆ ಹಾಕುವ ತಾಮ್ರ, ಬೆಳ್ಳಿ ಎರಡೂ ಅಂಟುವುದಿಲ್ಲ.

ಹೊಸ ಒಡವೆಗೆ ಇಷ್ಟೆಲ್ಲ ಒದ್ದಾಟ ಬೇಡ. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. 2023ರ ಏಪ್ರಿಲ್ 1ರಿಂದ ಮೂರು ಗುರುತು ಇರಬೇಕು: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, ಶುದ್ಧತೆಯ ಅಂಕಿ, ಮತ್ತು ಆ ಒಡವೆಗಷ್ಟೇ ಮೀಸಲಾದ, ಅಕ್ಷರ-ಅಂಕಿ ಸೇರಿದ ಆರು ಸ್ಥಾನದ ಗುರುತಿನ ಸಂಖ್ಯೆ ಎಚ್‌ಯುಐಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರು ಸ್ಥಾನ ಹಾಕಿದರೆ ಒಡವೆಯ ಬಗೆ, ಶುದ್ಧತೆ, ಯಾವ ಕೇಂದ್ರದಲ್ಲಿ ಗುರುತು ಹಾಕಿದ್ದು ಎಂಬುದೆಲ್ಲ ಬರುತ್ತದೆ. ಸರ ಎಂದು ಕೊಳ್ಳುವಾಗ ಆ್ಯಪ್‌ನಲ್ಲಿ ಉಂಗುರ ಎಂದು ಬಂದರೆ ಅಲ್ಲೇ ನಿಲ್ಲಿಸಿ. 2 ಗ್ರಾಂಗಿಂತ ಕಡಿಮೆ ತೂಕದ ವಸ್ತುಗಳಿಗೆ ಈ ಕಡ್ಡಾಯ ಇಲ್ಲ. ಮೂಗುಬಟ್ಟು, ಪುಟ್ಟ ಓಲೆಗೆ ಅಂಗಡಿಯವರ ಬಿಲ್ಲೇ ಆಧಾರ.

ಬಹಳ ಜನ ತಪ್ಪು ತಿಳಿದಿರುವ ಸಂಗತಿ ಒಂದಿದೆ. ಹಾಲ್‌ಮಾರ್ಕ್ ಶುದ್ಧತೆಗೆ ಖಾತರಿ, ಬಿಲ್ಲಿನಲ್ಲಿ ಬರೆದ ತೂಕಕ್ಕೆ ಖಾತರಿ ಅಲ್ಲ. 916 ಗುರುತಿರುವ ಪದಕದಲ್ಲಿ ಕಲ್ಲಿನ ತೂಕವನ್ನೂ ಚಿನ್ನದ ದರಕ್ಕೆ ಹಾಕಿದ್ದರೆ ಗುರುತು ಅದನ್ನು ತಡೆಯುವುದಿಲ್ಲ. ಕೆಡಿಎಂ ಎಂಬ ಮಾತೂ ಇನ್ನೂ ಚಾಲ್ತಿಯಲ್ಲಿದೆ. ಅದು ಕ್ಯಾಡ್ಮಿಯಂ ಸೇರಿಸಿದ ಬೆಸುಗೆಯ ಹೆಸರು, ಶುದ್ಧತೆಯ ಮುದ್ರೆ ಅಲ್ಲ. ಅದರ ಹೊಗೆ ಅಕ್ಕಸಾಲಿಗರ ಶ್ವಾಸಕೋಶಕ್ಕೆ ವಿಷ. ಕೆಡಿಎಂ ಬೇಕು ಎಂದು ಯಾರೂ ಕೇಳಬಾರದು.

ಎರಡು ಅಂಗಡಿಯ ಲೆಕ್ಕ

ಎಂ.ಜಿ. ರಸ್ತೆಯಲ್ಲೋ ಮಾರ್ಕೆಟ್ ರಸ್ತೆಯಲ್ಲೋ ಎರಡು ಅಂಗಡಿಯಲ್ಲಿ ಒಂದೇ ಥರದ ಕಲ್ಲಿನ ನೆಕ್ಲೆಸ್ ನೋಡಿದಿರಿ ಎಂದುಕೊಳ್ಳಿ. ಒಟ್ಟು ತೂಕ 24.500 ಗ್ರಾಂ, ಕಲ್ಲು 2.300, ನಿವ್ವಳ 22.200. ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್ ದರ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಆ ದಿನದ ದರ ನೀವೇ ಹಾಕಿಕೊಳ್ಳಿ.

ಮೊದಲ ಅಂಗಡಿ ವೇಸ್ಟೇಜ್ (ಒಡವೆ ಮಾಡುವಾಗ ಹಾಳಾಗುವ ಚಿನ್ನದ ಹೆಸರಿನಲ್ಲಿ ಹಾಕುವ ದುಡ್ಡು) 12 ಪರ್ಸೆಂಟ್ ಹೇಳುತ್ತದೆ, ಕಲ್ಲಿಗೆ ಬೇರೆ 6,000. ನಿವ್ವಳ ಚಿನ್ನಕ್ಕೆ 2,22,000, ವೇಸ್ಟೇಜ್ 26,640, ಕಲ್ಲು ಸೇರಿ 2,54,640. 3 ಪರ್ಸೆಂಟ್ ಜಿಎಸ್‌ಟಿ ಹಾಕಿದರೆ 2,62,279. ಎರಡನೇ ಅಂಗಡಿ "ವೇಸ್ಟೇಜ್ ಬರೀ 8 ಪರ್ಸೆಂಟ್, ಕಲ್ಲು ಫ್ರೀ" ಅನ್ನುತ್ತದೆ, ಆದರೆ ಲೆಕ್ಕ ಹಾಕುವುದು ಒಟ್ಟು ತೂಕಕ್ಕೆ. 24.500 ಗ್ರಾಂಗೆ 2,45,000, ವೇಸ್ಟೇಜ್ 19,600, ತೆರಿಗೆ ಸೇರಿ 2,72,538. ಕಮ್ಮಿ ವೇಸ್ಟೇಜ್ ಎಂದು ಖುಷಿಪಟ್ಟವರು 10,000ಕ್ಕೂ ಹೆಚ್ಚು ಜಾಸ್ತಿ ಕೊಟ್ಟರು.

ಇದನ್ನೇ ಮೂರನೇ ತೂಕಕ್ಕೆ ಇಳಿಸಿ. ಎರಡರಲ್ಲೂ ಅಪ್ಪಟ ಚಿನ್ನ 22.200ರ 91.6 ಪರ್ಸೆಂಟ್, ಅಂದರೆ 20.335 ಗ್ರಾಂ. ಮೊದಲ ಅಂಗಡಿಯಲ್ಲಿ ಅಪ್ಪಟ ಗ್ರಾಂ ಒಂದಕ್ಕೆ 12,898 ಬಿತ್ತು, ಎರಡನೆಯದರಲ್ಲಿ 13,402. ಒಟ್ಟು ಬಿಲ್ಲನ್ನು ಅಪ್ಪಟ ತೂಕದಿಂದ ಭಾಗಿಸಿದರೆ ಬರುವ ಈ ಒಂದು ಅಂಕಿ ಸಾಕು; ವೇಸ್ಟೇಜ್, ಮಜೂರಿ, ಡಿಸ್ಕೌಂಟ್, ಉಚಿತ ಬೆಳ್ಳಿ ನಾಣ್ಯ ಎಲ್ಲ ಅದರೊಳಗೆ ಬಂದುಬಿಡುತ್ತದೆ. ಅಂಗಡಿಯಲ್ಲೇ ಮೊಬೈಲ್‌ನಲ್ಲಿ ಭಾಗಿಸಿ ನೋಡಿ. ನಾನು ಬೇರೆ ಯಾವ ರಿಯಾಯಿತಿಗಿಂತ ಈ ಅಂಕಿಯನ್ನೇ ನಂಬುತ್ತೇನೆ.

ಕೆಲಸದ ನಾಜೂಕಿಗೆ ಬೆಲೆ ಕೊಡಬಾರದು ಎಂದಲ್ಲ. ಕೈಯಲ್ಲಿ ಮಾಡಿದ ಅವಲಕ್ಕಿ ಸರಕ್ಕೆ ಆಚಾರ್ರು ಕೇಳುವ ಕೂಲಿ ನ್ಯಾಯವಾದದ್ದು, ಅದನ್ನು ಕೂಲಿ ಎಂದೇ ಕೊಡಿ. ಚಿನ್ನದ ತೂಕದೊಳಗೆ ಅದು ಅಡಗಿ ಕೂರಬಾರದು, ಅಷ್ಟೇ.

ಕೂಡಿಡುವುದಕ್ಕಾದರೆ

ಮಗಳ ಮದುವೆಗೆಂದು ವರ್ಷವರ್ಷ ಸ್ವಲ್ಪಸ್ವಲ್ಪ ಕೂಡಿಡುವವರು ಒಡವೆಗಿಂತ ನಾಣ್ಯ ಕೊಳ್ಳುವುದು ಲಾಭ, ಏಕೆಂದರೆ ಮಜೂರಿ ಕಡಿಮೆ, ಮೂರು ತೂಕವೂ ಹೆಚ್ಚುಕಡಿಮೆ ಒಂದೇ. 999 ಎಂದಿರುವ 10 ಗ್ರಾಂ ನಾಣ್ಯದಲ್ಲಿ 9.99 ಗ್ರಾಂ ಅಪ್ಪಟ, 995 ಆದರೆ 9.95. ಆದರೆ ಬ್ಯಾಂಕಿನಲ್ಲಿ ಕೊಂಡ ನಾಣ್ಯವನ್ನು ಬ್ಯಾಂಕು ವಾಪಸ್ ಕೊಳ್ಳುವುದಿಲ್ಲ, ಚಿನ್ನದ ಗಟ್ಟಿಯ ಮೇಲೆ ಬ್ಯಾಂಕು ಸಾಲವನ್ನೂ ಕೊಡುವುದಿಲ್ಲ. ಗೊಬ್ಬರದ ಕಾಲಕ್ಕೆ ಒಡವೆ ಅಡವಿಟ್ಟು ಕೊಯ್ಲಿಗೆ ಬಿಡಿಸಿಕೊಳ್ಳುವ ಅಭ್ಯಾಸದ ಮನೆಗಳು ಇದನ್ನು ಗಮನಿಸಬೇಕು. ಅಂಥವರಿಗೆ ಕಲ್ಲಿಲ್ಲದ ಸಾದಾ ಬಳೆ ಅಥವಾ ಸರವೇ ಹೊಂದುತ್ತದೆ. ಸಾಲಕ್ಕೆ ತೂಗುವಾಗ ಕಲ್ಲು, ಅರಗು ಕಳೆದು ನಿವ್ವಳ ಚಿನ್ನವನ್ನಷ್ಟೇ ಹಿಡಿಯುತ್ತಾರೆ. ಮೊಬೈಲ್ ಆ್ಯಪ್‌ನಲ್ಲಿ ಮಾರುವ ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲ ಎಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಸರ್ಕಾರಿ ಚಿನ್ನದ ಬಾಂಡ್ 2024ರ ಫೆಬ್ರುವರಿಯ ನಂತರ ಹೊಸದಾಗಿ ಬಂದಿಲ್ಲ.

ಹಳೇ ಒಡವೆ: ಬದಲಿಸುವುದೋ, ಕರಗಿಸುವುದೋ

ಅಜ್ಜಿಯ ಕಾಲದ ಒಡವೆಗೆ ಹಾಲ್‌ಮಾರ್ಕ್ ಇರುವುದಿಲ್ಲ. ಇಟ್ಟುಕೊಳ್ಳುವುದಕ್ಕೂ ಅಂಗಡಿಗೆ ಮಾರುವುದಕ್ಕೂ ಅದರಿಂದ ಅಡ್ಡಿಯಿಲ್ಲ. ಒಂದು ಸರ 32.400 ಗ್ರಾಂ ಇದೆ, ಕಲ್ಲು ತೆಗೆದ ಮೇಲೆ 30.100 ಎಂದುಕೊಳ್ಳಿ. ಒಂದು ಅಂಗಡಿ ಕರಗಿಸದೆ 8 ಪರ್ಸೆಂಟ್ ಕಳೆದು 27.692 ಗ್ರಾಂಗೆ 22 ಕ್ಯಾರೆಟ್ ದರ ಕೊಡುತ್ತದೆ. ಇನ್ನೊಂದು ಕಡೆ ಕರಗಿಸಿದಾಗ 29.700 ಬಂತು, ಯಂತ್ರ 88 ಪರ್ಸೆಂಟ್ ತೋರಿಸಿತು. ಅಪ್ಪಟ 26.136 ಗ್ರಾಂ, 22 ಕ್ಯಾರೆಟ್‌ಗೆ ತಂದರೆ 28.533. ಅವರು 2 ಪರ್ಸೆಂಟ್ ಕಳೆದರೂ 27.962 ಗ್ರಾಂಗೆ ದುಡ್ಡು. ಈ ಲೆಕ್ಕದಲ್ಲಿ ಕರಗಿಸಿದ್ದೇ ಮೇಲು. ಅದೇ ಸರ 84 ಪರ್ಸೆಂಟ್ ಬಂದಿದ್ದರೆ ಮೊದಲ ಅಂಗಡಿಯೇ ಮೇಲಾಗುತ್ತಿತ್ತು.

ಕರಗಿಸಿದ ಮೇಲೆ ಬೇಡ ಎನ್ನುವಂತಿಲ್ಲ, ಗಟ್ಟಿ ಹಿಡಿದುಕೊಂಡು ಇನ್ನೊಂದು ಅಂಗಡಿಗೆ ಅಲೆಯಬೇಕು. ಅದಕ್ಕೇ ಮೊದಲು ಯಂತ್ರದಲ್ಲಿ ನೋಡಿಸಿ, ದರ, ಕಡಿತ ಎರಡನ್ನೂ ಬಾಯಿಬಿಟ್ಟು ಒಪ್ಪಿಸಿಕೊಂಡು, ಆಮೇಲೆ ನಿಮ್ಮ ಕಣ್ಣೆದುರೇ ಕರಗಿಸಲು ಬಿಡಿ. ಹಿಂದಿನ ತೂಕ, ಮುಂದಿನ ತೂಕ ಬರೆದಿಟ್ಟುಕೊಳ್ಳಿ, ತೆಗೆದ ಕಲ್ಲುಗಳನ್ನು ವಾಪಸ್ ಕೇಳಿ. ಹಳೆಯ ಕಾಸಿನ ಸರ ಇದ್ದರೆ ಕಾಸುಗಳನ್ನು ಒಂದೊಂದಾಗಿ ನೋಡಿ. ತೆಳುವಾದ ಲಕ್ಷ್ಮಿ ಕಾಸಿನ ನಡುವೆ ನಿಜವಾದ ಸವರನ್ ನಾಣ್ಯ ಸಿಕ್ಕರೆ, ಕೊಂಡಿ ಬೆಸೆದಿದ್ದರೂ, ಅದನ್ನು ಬೇರೆಯಾಗಿ ಬೆಲೆ ಕಟ್ಟಿಸಿ. ಒಟ್ಟಿಗೆ ಕುಲುಮೆಗೆ ಹಾಕಬೇಡಿ.

ಬಿಲ್ಲು, ದೂರು

ಬಿಲ್ಲಿನಲ್ಲಿ ಒಡವೆಯ ವಿವರ, ನಿವ್ವಳ ತೂಕ, ಕ್ಯಾರೆಟ್ ಮತ್ತು ಅಂಕಿಯಲ್ಲಿ ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆಬೇರೆಯಾಗಿ ಇರಬೇಕು. ಶುಲ್ಕ ಒಡವೆಯೊಂದಕ್ಕೆ 45 ರೂಪಾಯಿ ಮತ್ತು ತೆರಿಗೆ, ತೂಕ ಎಷ್ಟೇ ಇರಲಿ. ಚೀಟಿಯಲ್ಲಿ ಬರೆದುಕೊಟ್ಟ ಎಸ್ಟಿಮೇಟ್ ಬಿಲ್ಲಾಗುವುದಿಲ್ಲ.

ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಬಗ್ಗೆ ಅನುಮಾನ ಬಂದರೆ ಬಿಐಎಸ್ ಮಾನ್ಯತೆಯ ಕೇಂದ್ರಕ್ಕೆ ನೀವೇ ಒಡವೆ ಒಯ್ದು ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆಯವರೆಗೆ ಶುಲ್ಕ 200 ರೂಪಾಯಿ, ತೆರಿಗೆ ಬೇರೆ. ಗುರುತಿಗಿಂತ ಕಡಿಮೆ ಬಂದರೆ, ಬಿಐಎಸ್‌ನ 2018ರ ನಿಯಮದಂತೆ, ಕಡಿಮೆಯಾದ ಚಿನ್ನದ ಬೆಲೆಯ ಎರಡರಷ್ಟು ಪರಿಹಾರ ಮತ್ತು ಪರೀಕ್ಷೆಯ ಖರ್ಚು ಮಾರಿದವರಿಂದ ಬರಬೇಕು. ತೂಕದಲ್ಲಿ ಮೋಸವಾಗಿದ್ದರೆ ಹೋಗಬೇಕಾದ ಬಾಗಿಲು ಬೇರೆ: ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಕಚೇರಿ. ಎರಡರಲ್ಲಿ ಯಾವುದು ಎಂದು ತೋಚದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಬಿಲ್ಲು ಎದುರಿಗಿಟ್ಟುಕೊಂಡು ಮಾತಾಡಿ.